ಕಣ್ಣಿನ ಪೊರೆಗೆ ಯಾವ ಆಪರೇಷನ್: ಫೇಕೋನಾ, ಎಸ್‌ಐಸಿಎಸ್ಸಾ?

ಚಳ್ಳಕೆರೆಯ ಅವ್ವನನ್ನು ಉಚಿತ ಶಿಬಿರಕ್ಕೆ ಕರೆದೊಯ್ದು ಎಸ್‌ಐಸಿಎಸ್ (ಕೈಯಿಂದಲೇ ಪೊರೆ ಹೊರತೆಗೆಯುವ ಆಪರೇಷನ್) ಮಾಡಿಸಲೋ, ದಾವಣಗೆರೆಯಲ್ಲಿ ದುಡ್ಡು ಕೊಟ್ಟು ಫೇಕೋ (ಯಂತ್ರದಿಂದ ಪೊರೆ ಒಡೆದು ತೆಗೆಯುವ ಆಪರೇಷನ್) ಮಾಡಿಸಲೋ ಅಂತ ಕೇಳಿದ್ದೀರಿ. ಎರಡರಲ್ಲೂ ಮಂಜಾದ ಮಸೂರ ತೆಗೆದು ಹೊಸ ಲೆನ್ಸ್ ಕೂರಿಸುತ್ತಾರೆ. ಹೊಲಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ವ್ಯತ್ಯಾಸ ಇರುವುದು ಗಾಯದಲ್ಲಿ. ಫೇಕೋದಲ್ಲಿ 2-3 ಮಿ.ಮೀ. ಸೀಳು ಸಾಕು. ಅಲ್ಟ್ರಾಸೌಂಡ್ ಕಂಪನದಿಂದ ಪೊರೆ ಒಡೆದು ಹೀರಿ, ಮಡಚುವ ಲೆನ್ಸ್ ಇಡುತ್ತಾರೆ. ಎಸ್‌ಐಸಿಎಸ್‌ನಲ್ಲಿ ಸುಮಾರು 6-7 ಮಿ.ಮೀ. ಸೀಳಿ, ಪೊರೆಯ ತಿರುಳನ್ನು ಹೊರತೆಗೆಯುತ್ತಾರೆ. ಹಾಗಾಗಿ ಫೇಕೋ ಗಾಯ ಬೇಗ ಮಾಯುತ್ತದೆ, ಆಮೇಲೆ ಸಿಲಿಂಡರ್ ಪವರ್ (ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದ, ಡೊಂಕಿನಿಂದ ಬರುವ ಮಸುಕು) ಕಡಿಮೆ. ಬೇಗ ಕೆಲಸಕ್ಕೆ ಮರಳಬೇಕಾದವರಿಗೆ ಇದು ಒಳ್ಳೆಯದು.

ಆದರೆ ಪೊರೆ ಕಂದು ಬಣ್ಣಕ್ಕೆ ತಿರುಗಿ ಕಲ್ಲಾಗಿದ್ದರೆ? ಅದನ್ನು ಒಡೆಯಲು ಜಾಸ್ತಿ ಶಕ್ತಿ ಬೇಕು, ಕಾರ್ನಿಯಾಗೆ ಪೆಟ್ಟು. ಅಲ್ಲಿ ಪಳಗಿದ ಕೈಯ ಎಸ್‌ಐಸಿಎಸ್ಸೇ ಎಷ್ಟೋ ಸಲ ಸುರಕ್ಷಿತ. ಅಗ್ಗದ್ದು ಅಂತ ಕೀಳಾಗಿ ನೋಡಬೇಡಿ.

ಖರ್ಚಿನಲ್ಲಿ ಎಸ್‌ಐಸಿಎಸ್ ಹಗುರ. ಕೈ ಬಿಗಿಯಿದ್ದರೆ ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ದುಡ್ಡು ಹೊಂದಿಸುತ್ತಾ ವರ್ಷಗಟ್ಟಲೆ ಕಾಯುವುದಕ್ಕಿಂತ ಅದು ಎಷ್ಟೋ ಮೇಲು. ಮಾಮೂಲಿ ಲೆನ್ಸ್ ಆದರೆ ಎರಡರಲ್ಲೂ ಓದಲು ಕನ್ನಡಕ ಬೇಕು, ಅಕ್ಕಿ ಆರಿಸಲೂ ಬೇಕು.

ಸಕ್ಕರೆ ಕಾಯಿಲೆ ಇದ್ದರೆ ಆಪರೇಷನ್‌ಗೆ ಮೊದಲು ರೆಟಿನಾ (ಕಣ್ಣಿನ ಹಿಂಭಾಗದ ಪರದೆ) ತೋರಿಸಿ. ಆದ ಮೇಲೆ ಕೆಲವು ವಾರ ಶೇಂಗಾ ಒಕ್ಕುವ ಧೂಳಿಗೆ ಹೋಗಬಾರದು. ನೋವು, ಕೆಂಪು ಏರಿದರೆ, ದೃಷ್ಟಿ ಕುಗ್ಗಿದರೆ ಅವತ್ತೇ ಡಾಕ್ಟರ ಬಳಿ ಹೋಗಿ.