ಪಚ್ಚೆಗೆ ಬೇಕಿದ್ದದ್ದು ಬಿಸಿಲು: ಇಗ್ವಾನಾ ತರಿಸುವ ಮೊದಲು ಇದನ್ನು ಓದಿ

ಹೋದ ಭಾನುವಾರ ಚಿತ್ರದುರ್ಗದಿಂದ ನನ್ನ ತಂಗಿಯ ಮಗ ಫೋನ್ ಮಾಡಿದ್ದ. "ಮಾಮ, ನಿಮ್ಮ ಮನೇಲಿ ಒಂದು ಗಾಜಿನ ತೊಟ್ಟಿ ಇತ್ತಲ್ಲ, ಖಾಲಿ ಇದ್ರೆ ನನಗೆ ಕೊಡ್ರಿ" ಎಂದ. ಯಾಕೋ ಎಂದು ಕೇಳಿದೆ. ಇನ್‌ಸ್ಟಾಗ್ರಾಮಿನಲ್ಲಿ ಯಾರೋ ಇಗ್ವಾನಾ ಮರಿ, ಅಂದರೆ ಓತಿಕ್ಯಾತದಂಥ ದೊಡ್ಡ ವಿದೇಶಿ ಹಲ್ಲಿಯ ಮರಿ, ಕೊಡುತ್ತಿದ್ದಾನಂತೆ. ರಾತ್ರಿ ಬಸ್ಸಿಗೆ ಹಾಕಿದರೆ ಬೆಳಿಗ್ಗೆ ಮನೆಗೆ ಬರುತ್ತದಂತೆ.

ನನ್ನ ಎದೆ ಧಸಕ್ ಎಂದಿತು. ನನಗೂ ಹೀಗೇ ಹೇಳಿದ್ದರು. ನನ್ನ ಮನೆಗೂ ರಾತ್ರಿ ಬಸ್ಸಿನಲ್ಲೇ ಬಂದಿತ್ತು. ಆರು ತಿಂಗಳು ನಮ್ಮ ಜೊತೆ ಇದ್ದು, ನರಳಿ ಸತ್ತಿತು. ಅವನಿಗೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಉದ್ದ ಆಯಿತು ಎಂದು ಬಿಟ್ಟು ಹೋಗಬೇಡಿ.

2024ರ ಆಗಸ್ಟ್. ಮಗನಿಗೆ ಹತ್ತು ತುಂಬುತ್ತಿತ್ತು. ನಾಯಿ ಬೇಡ, ಬೆಕ್ಕು ಬೇಡ, ಅವನಿಗೆ ಇಗ್ವಾನಾನೇ ಬೇಕು. ದಿನಾ ಮೊಬೈಲಿನಲ್ಲಿ ಅದೇ ವಿಡಿಯೋ. ಹಸಿರು ಬಣ್ಣ, ಬೆನ್ನ ಮೇಲೆ ಸಾಲು ಮುಳ್ಳು, ಸೋಫಾ ಮೇಲೆ ಸುಮ್ನೆ ಮಲಗಿರುತ್ತದೆ. ನಾನೂ ಒಂದು ಪೇಜ್‌ಗೆ ಮೆಸೇಜ್ ಹಾಕಿದೆ. ಆ ಕಡೆಯ ಹುಡುಗ ತುಂಬ ಚೆನ್ನಾಗಿ ಮಾತಾಡಿದ. "ಅಣ್ಣ, ನಾಯಿಗಿಂತ ಸುಲಭ. ಕೂಗಲ್ಲ, ವಾಸನೆ ಇಲ್ಲ. ಕೋಸು, ಪಾಲಕ್, ಸೌತೆಕಾಯಿ ಹಾಕಿ. ವಾರಕ್ಕೆರಡು ಸಲ ಮೊಟ್ಟೆ ಬೇಯಿಸಿ ಕೊಡಿ, ಬೇಗ ಬೆಳೆಯುತ್ತೆ. ಚಳಿ ಆದ್ರೆ ಒಂದು ಬಲ್ಬ್ ಹಾಕಿ" ಎಂದ. ಪೇಪರ್ ಏನಾದರೂ ಬೇಕಾ ಎಂದು ಕೇಳಿದ್ದೆ. "ಅದು ನಮ್ಮ ಕಾಡಿನ ಪ್ರಾಣಿ ಅಲ್ಲ ಅಣ್ಣ, ಫಾರಿನ್‌ದು. ಫಾರೆಸ್ಟ್‌ನವರು ಕೇಳೋದೇ ಇಲ್ಲ" ಎಂದ. ಒಂಬತ್ತು ಸಾವಿರ ಕೇಳಿದ. ಕಳಿಸಿದೆ. ಅದಕ್ಕೆ ಅವನು ಮಾರಾಟ ಎಂದು ಒಂದು ಸಲವೂ ಅನ್ನಲಿಲ್ಲ, 'ಅಡಾಪ್ಷನ್ ಫೀ' ಎಂದ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಬೆಳಗಿನ ಜಾವ ಬಸ್ಸಿನವರು ಒಂದು ಡಬ್ಬಿ ಕೊಟ್ಟರು. ತಿಂಡಿ ಪಾರ್ಸೆಲ್ ತರುವಂಥ ಪ್ಲಾಸ್ಟಿಕ್ ಡಬ್ಬಿ, ಮುಚ್ಚಳದಲ್ಲಿ ನಾಲ್ಕು ತೂತು. ಒಳಗೆ ಒಂದು ಗೇಣು ಉದ್ದದ ಮರಿ, ಒದ್ದೆ ಪೇಪರಿನ ಮೇಲೆ. ಬೆಂಗಳೂರಿನಿಂದ ನಮ್ಮ ದಾವಣಗೆರೆಗೆ 260 ಕಿಲೋಮೀಟರ್ ಅದು ಹಾಗೇ ಬಂದಿತ್ತು. ಮಗ ಅದಕ್ಕೆ ಪಚ್ಚೆ ಎಂದು ಹೆಸರಿಟ್ಟ.

ಮೂರು ಅಡಿಯ ಗಾಜಿನ ತೊಟ್ಟಿ ತಂದು ಹಾಲ್‌ನಲ್ಲಿಟ್ಟೆವು. ಒಳಗೊಂದು ಕೊಂಬೆ, ಮೇಲೊಂದು ಅರವತ್ತು ವಾಟ್ ಬಲ್ಬು. ಹಾಲ್‌ಗೆ ಬಿಸಿಲು ಬರುವುದಿಲ್ಲ, ಆದರೆ ಬೆಳಕು ಚೆನ್ನಾಗಿದೆ. ಅಷ್ಟು ಸಾಕು ಎಂದುಕೊಂಡೆವು. ಪಚ್ಚೆ ಕೋಸು ತಿಂದಿತು, ಮೊಟ್ಟೆ ತಿಂದಿತು, ಬೆಳೆಯಿತು. ಪಕ್ಕದ ಮನೆಯ ಯಜಮಾನರು ನೋಡಿ, "ಏನ್ರಿ, ಉಡ ಸಾಕೀರಿ? ಹುಷಾರು, ಫಾರೆಸ್ಟ್‌ನೋರು ಹಿಡ್ಕಂಡು ಹೋಗ್ತಾರೆ" ಎಂದರು. ಉಡ ಅಲ್ಲ ಎಂದು ಅವರಿಗೆ ತಿಳಿಸಿ ಹೇಳಿದೆ. ಅವರು ಹೇಳಿದ ಎಚ್ಚರಿಕೆ ಮಾತ್ರ ಸರಿಯಾಗಿತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ನವೆಂಬರ್ ಹೊತ್ತಿಗೆ ಪಚ್ಚೆಯ ಹಿಂದಿನ ತೊಡೆಗಳು ದಪ್ಪ ಆದವು. ನಮ್ಮವ್ವ, "ಮೈ ಕೈ ತುಂಬ್ಕೊಂಡೈತಿ ನೋಡು" ಎಂದರು. ನಮಗೆಲ್ಲ ಖುಷಿ. ಮಗ ಫೋಟೋ ತೆಗೆದು ಗೆಳೆಯರಿಗೆಲ್ಲ ಕಳಿಸಿದ. ಆ ಫೋಟೋ ಈಗಲೂ ನನ್ನ ಮೊಬೈಲಿನಲ್ಲಿದೆ. ನೋಡಿದರೆ ಹೊಟ್ಟೆ ಹಿಂಡುತ್ತದೆ. ಅದು ಮಾಂಸ ತುಂಬಿದ್ದಲ್ಲ, ಮೂಳೆ ಕಾಯಿಲೆಯ ಊತ.

ಡಿಸೆಂಬರಿನಲ್ಲಿ ಚಳಿ ಬಿತ್ತು. ಪಚ್ಚೆ ತಿನ್ನುವುದು ಕಡಿಮೆ ಮಾಡಿತು. ಕೊಂಬೆ ಹತ್ತುವುದು ಬಿಟ್ಟಿತು. ಬಾಯಿ ಪೂರ್ತಿ ಮುಚ್ಚುತ್ತಿರಲಿಲ್ಲ. ಕಾಲಿನ ಬೆರಳುಗಳು ತಮ್ಮಷ್ಟಕ್ಕೆ ಅದುರುತ್ತಿದ್ದವು. ಮಾರಿದವನಿಗೆ ವಿಡಿಯೋ ಕಳಿಸಿದೆ. "ಚಳಿಗೆ ಹಂಗೇ ಅಣ್ಣ, ಬಲ್ಬ್ ದೊಡ್ಡದು ಹಾಕಿ" ಎಂದ. ಆಮೇಲೆ ಮೆಸೇಜ್ ಓದಿದರೂ ಉತ್ತರ ಕೊಡಲಿಲ್ಲ.

ಜನವರಿಯಲ್ಲಿ ಒಂದು ದಿನ ತೊಟ್ಟಿ ಒರೆಸಲು ಮಗ ಅದನ್ನು ಎತ್ತಿಕೊಂಡ. ಕೈಯಿಂದ ಜಾರಿ ಸೋಫಾ ಮೇಲೆ ಬಿತ್ತು. ಸೋಫಾ ಮೇಲೆ, ಒಂದೂವರೆ ಅಡಿ ಎತ್ತರದಿಂದ. ಅಷ್ಟಕ್ಕೇ ಮುಂಗಾಲು ಮುರಿಯಿತು. ಮಗ ಅವತ್ತು ಅತ್ತದ್ದು, ತಾನೇ ಕೊಂದೆ ಎಂದು ಎಷ್ಟೋ ದಿನ ಅಂದುಕೊಂಡದ್ದು, ಅದನ್ನು ನೆನೆದರೆ ಈಗಲೂ ನನಗೆ ತಡೆಯಲಾಗುವುದಿಲ್ಲ.

ಇಲ್ಲಿನ ಡಾಕ್ಟರ್ ಒಬ್ಬರ ಹತ್ತಿರ ಓಡಿದೆ. ಅವರು ಒಳ್ಳೆಯವರು, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. "ನಾನು ದನ, ಎಮ್ಮೆ, ಕುರಿ, ನಾಯಿ ನೋಡೋನು. ಇದಕ್ಕೆ ಔಷಧಿ ಎಷ್ಟು ಕೊಡಬೇಕು ಅನ್ನೋದೇ ಬೇರೆ. ನಾನು ಅಂದಾಜಿನ ಮೇಲೆ ಚುಚ್ಚಬಾರದು. ತಡ ಮಾಡದೆ ಬೆಂಗಳೂರಿಗೆ ಕರ್ಕೊಂಡು ಹೋಗ್ರಿ" ಎಂದರು. ಊರಲ್ಲಿ ಇಂಥ ಪ್ರಾಣಿ ತರುವ ಮೊದಲು, ಅದಕ್ಕೆ ಹುಷಾರಿಲ್ಲದಾಗ ನೋಡುವ ಡಾಕ್ಟರ್ ಎಲ್ಲಿದ್ದಾರೆ ಎಂದು ನಾನು ಒಂದು ಫೋನ್ ಕೂಡ ಮಾಡಿರಲಿಲ್ಲ. ದಯವಿಟ್ಟು ನೀವು ಮಾಡಿ. ಮೊದಲು ಡಾಕ್ಟರ್ ಹುಡುಕಿ.

ಬೆಂಗಳೂರಿನಲ್ಲಿ ಹಕ್ಕಿ, ಆಮೆ, ಹಾವು ನೋಡುವ ಡಾಕ್ಟರಮ್ಮ ಒಬ್ಬರು ಸಿಕ್ಕರು. ಎಕ್ಸ್‌ರೇ ತೆಗೆದು ತೋರಿಸಿದರು. ಮೂಳೆಗಳು ಬೆಳ್ಳಗೆ ಕಾಣಬೇಕಿತ್ತು. ಹೊಗೆ ಗೆರೆ ಎಳೆದ ಹಾಗೆ ಮಸುಕಾಗಿದ್ದವು. ಮುಂಗಾಲು ಒಂದೇ ಅಲ್ಲ, ಹಿಂದಿನ ಕಾಲಿನಲ್ಲೂ ಹಳೆಯ ಮುರಿತ ಇತ್ತು. ದವಡೆಯನ್ನು ಮೆಲ್ಲಗೆ ಒತ್ತಿ ತೋರಿಸಿದರು, ರಬ್ಬರಿನ ಹಾಗೆ ಬಾಗಿತು. ಮೆಟಬಾಲಿಕ್ ಬೋನ್ ಡಿಸೀಸ್ ಎಂದರು. ಸಾಕಿದ ಇಗ್ವಾನಾಗಳಲ್ಲಿ ತುಂಬ ಸಾಮಾನ್ಯವಂತೆ.

ಆಮೇಲೆ ಅವರು ನನ್ನನ್ನು ಒಂದು ಪ್ರಶ್ನೆ ಕೇಳಿದರು. "ನಿಮ್ಮ ಮನೆ ಕಾಂಪೌಂಡ್ ಮೇಲೆ ಓತಿಕ್ಯಾತ ಬರುತ್ತಾ? ಬೆಳಿಗ್ಗೆ ಎಲ್ಲಿ ಕೂರುತ್ತೆ?" ಬಿಸಿಲಲ್ಲಿ ಎಂದೆ. "ಇದೂ ಅದರ ಜಾತಿಯದೇ ಅಲ್ವಾ, ಇದನ್ನ ಯಾಕೆ ಬಿಸಿಲಿಗೆ ಬಿಡಲಿಲ್ಲ?" ಎಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವರು ಬಿಡಿಸಿ ಹೇಳಿದ್ದು ಇಷ್ಟು. ಇಗ್ವಾನಾ ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡಿನ ಪ್ರಾಣಿ. ಮರದ ತುದಿಯಲ್ಲಿ ಬಿಸಿಲು ಕಾಯಿಸಿಕೊಂಡು, ಎಲೆ ತಿಂದು ಬದುಕುತ್ತದೆ. ಬಿಸಿಲಿನಲ್ಲಿರುವ ಯುವಿಬಿ ಕಿರಣ ಮೈಮೇಲೆ ಬಿದ್ದರೆ ಅದರ ಚರ್ಮದಲ್ಲಿ ಡಿ3 ವಿಟಮಿನ್ ತಯಾರಾಗುತ್ತದೆ. ಅದಿಲ್ಲದಿದ್ದರೆ ತಿಂದ ಆಹಾರದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಆಗ ಮೈ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ. ಮಾಮೂಲಿ ಬಲ್ಬಿನಲ್ಲಿ ಯುವಿಬಿ ಇಲ್ಲ. ಕಿಟಕಿ ಗಾಜಿನಿಂದ ಬರುವ ಬಿಸಿಲಿನಲ್ಲೂ ಇಲ್ಲ, ಗಾಜು ಅದನ್ನು ತಡೆದುಬಿಡುತ್ತದೆ. ಹಾಗಂತ ಗಾಜಿನ ತೊಟ್ಟಿಯನ್ನೇ ಹೊರಗೆ ಬಿಸಿಲಿಗೆ ಇಟ್ಟರೆ ಸ್ವಲ್ಪ ಹೊತ್ತಿಗೇ ಒಳಗೆ ಬೆಂದು ಸಾಯುತ್ತದೆ. ಜಾಲರಿ ಪಂಜರ ಬೇಕು, ಅರ್ಧ ನೆರಳಿರಬೇಕು. ಇಲ್ಲವಾದರೆ ಯುವಿಬಿ ದೀಪ ಬೇಕು. ಆ ದೀಪ ಉರಿಯುತ್ತಿದ್ದರೂ ಕೆಲವು ತಿಂಗಳಲ್ಲಿ ಅದರ ಕಿರಣ ಕುಗ್ಗುತ್ತದೆ, ಬದಲಾಯಿಸಬೇಕು. ಜೊತೆಗೆ ಮೈ ಕಾಯಿಸಿಕೊಳ್ಳಲು 35 ಡಿಗ್ರಿ ಆಸುಪಾಸಿನ ಒಂದು ಜಾಗ ಬೇಕು. ಮೈ ಬಿಸಿಯಾಗದಿದ್ದರೆ ತಿಂದದ್ದು ಅರಗುವುದೇ ಇಲ್ಲ.

ಊಟದ್ದು ಕೇಳಿದಾಗ ಇನ್ನೂ ಸಂಕಟ ಆಯಿತು. ಪಾಲಕ್‌ನಲ್ಲಿರುವ ಆಕ್ಸಾಲಿಕ್ ಆಮ್ಲ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೈಗೆ ಬಿಡುವುದಿಲ್ಲ. ಸೌತೆಕಾಯಿ ಬರೀ ನೀರು. ಎಲೆ ತಿನ್ನುವ ಪ್ರಾಣಿಗೆ ಮೊಟ್ಟೆ ಕೊಟ್ಟರೆ ಕಿಡ್ನಿಗೆ ಪೆಟ್ಟು. ಹಾಗಾದರೆ ಏನು ಕೊಡಬೇಕಿತ್ತು ಎಂದು ಕೇಳಿದೆ. ದಾಸವಾಳದ ಎಲೆ, ದಾಸವಾಳದ ಹೂವು, ನುಗ್ಗೆ ಸೊಪ್ಪು, ಹಿಪ್ಪುನೇರಳೆ ಎಲೆ ಎಂದರು. ನಮ್ಮ ಅಂಗಳದಲ್ಲಿ ದಾಸವಾಳ ಇದೆ. ನಮ್ಮವ್ವ ದಿನಾ ಪೂಜೆಗೆ ಹೂ ಕಿತ್ತರೂ ಮುಗಿಯದಷ್ಟು ಬಿಡುತ್ತದೆ. ನುಗ್ಗೆ ಮರ ಪಕ್ಕದ ಮನೆಯಲ್ಲಿದೆ. ಇನ್ನು ದಾವಣಗೆರೆಯಲ್ಲಿ ಬಿಸಿಲಿಗೆ ಬರ ಇದೆಯೇ? ಪಚ್ಚೆಯ ಜೀವ ಉಳಿಸುವಂಥದ್ದೆಲ್ಲ ಬಾಗಿಲಿನ ಆಚೆ ಹತ್ತು ಹೆಜ್ಜೆಯಲ್ಲಿತ್ತು. ನಾವು ಅದನ್ನು ಗಾಜಿನೊಳಗೆ ಕೂಡಿಹಾಕಿ, ಅಂಗಡಿಯಿಂದ ಕೋಸು ತಂದು ಹಾಕಿದೆವು.

ಅವರು ಇನ್ನೊಂದು ಕೇಳಿದರು, ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರಾ ಎಂದು. ಮೂರು ವರ್ಷದ ಮಗಳಿದ್ದಾಳೆ ಎಂದೆ. ಇಗ್ವಾನಾ, ಆಮೆ, ಹಾವು, ಇವೆಲ್ಲ ನೋಡಲು ಆರೋಗ್ಯವಾಗಿದ್ದರೂ ಹೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇಟ್ಟುಕೊಂಡಿರಬಹುದು. ಐದು ವರ್ಷದೊಳಗಿನ ಮಕ್ಕಳಿಗೆ, ವಯಸ್ಸಾದವರಿಗೆ ಅದು ತಗುಲಿದರೆ ಜೋರು ಭೇದಿ, ಜ್ವರ ಬರುತ್ತದೆ, ಕೆಲವೊಮ್ಮೆ ಜೀವಕ್ಕೇ ಬರುತ್ತದೆ. ನಾವು ಪಚ್ಚೆಯ ತಟ್ಟೆಯನ್ನು ಅಡುಗೆಮನೆ ಸಿಂಕಿನಲ್ಲೇ ತೊಳೆಯುತ್ತಿದ್ದೆವು. ನನ್ನ ಹೆಂಡತಿ ಅದನ್ನು ಕೇಳಿ ಕೂತಲ್ಲೇ ಕಣ್ಣೀರು ಹಾಕಿದಳು.

ಇನ್ನು ಕಾಯ್ದೆ. "ಫಾರಿನ್ ಪ್ರಾಣಿ, ಪೇಪರ್ ಬೇಡ" ಎಂಬ ಮಾತು ಸುಳ್ಳು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಗಿ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ವನ್ಯಜೀವಿ ವ್ಯಾಪಾರದ ಬಗ್ಗೆ ಇರುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳೂ ಈಗ ಕಾಯ್ದೆಯ ನಾಲ್ಕನೇ ಅನುಸೂಚಿಯೊಳಗೆ ಬರುತ್ತವೆ. ಹಸಿರು ಇಗ್ವಾನಾ ಆ ಪಟ್ಟಿಯಲ್ಲಿದೆ. ಬಾಲ್ ಪೈಥಾನ್ ಹೆಬ್ಬಾವು ಇದೆ, ಮಕಾವ್ ಗಿಳಿ ಇದೆ, ಆಫ್ರಿಕನ್ ಗ್ರೇ ಗಿಳಿ ಇದೆ. 2024ರ ಫೆಬ್ರವರಿಯಲ್ಲಿ ನಿಯಮಗಳು ಬಂದಿವೆ. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಎಂಬ ವೆಬ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು, ಹೊಸದಾಗಿ ತಂದರೆ 30 ದಿನದೊಳಗೆ. ಬೇರೆಯವರಿಗೆ ಕೊಟ್ಟರೂ, ಮರಿ ಹಾಕಿದರೂ, ಸತ್ತರೂ ತಿಳಿಸಬೇಕು. ನಮ್ಮದೇ ದೇಶದ ಗಿಳಿ, ನಕ್ಷತ್ರ ಆಮೆ, ಉಡ ಇವನ್ನಂತೂ ಮನೆಯಲ್ಲಿ ಸಾಕುವ ಹಾಗೇ ಇಲ್ಲ, ಜೈಲಿಗೆ ಹೋಗುವ ಅಪರಾಧ. ಪಂಜರದಲ್ಲಿ ಗಿಳಿ ಇಟ್ಟುಕೊಂಡ ಎಷ್ಟೋ ಮನೆಯವರಿಗೆ ಇದು ಇನ್ನೂ ತಿಳಿದಿಲ್ಲ.

ನಾನು ಊರಿಗೆ ಬಂದವನೇ ಅರಣ್ಯ ಇಲಾಖೆ ಕಚೇರಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಕೈಕಾಲು ನಡುಗುತ್ತಿತ್ತು. ಮಾರಿದವನ ವಿವರ ಕೇಳಿದರು. ಅಷ್ಟರಲ್ಲಿ ಅವನ ಫೋನ್ ಸ್ವಿಚ್ ಆಫ್, ಪೇಜ್ ಮಾಯ. ನನ್ನ ಹತ್ತಿರ ಉಳಿದದ್ದು ಹಣ ಕಳಿಸಿದ ಸ್ಕ್ರೀನ್‌ಶಾಟ್ ಒಂದೇ. ಅದನ್ನೇ ಕೊಟ್ಟು, ಎಲ್ಲವನ್ನೂ ಬರೆದುಕೊಟ್ಟು ಬಂದೆ.

ಆ ದಿನಗಳಲ್ಲಿ ಒಬ್ಬ ಗೆಳೆಯ, "ಸುಮ್ನೆ ರಾತ್ರಿ ಕುಂದುವಾಡ ಕೆರೆ ಹತ್ರ ಬಿಟ್ಟು ಬಾ, ತಲೆನೋವು ಹೋಗುತ್ತೆ" ಎಂದ. ಇದನ್ನು ಮಾತ್ರ ಯಾರೂ ಮಾಡಬೇಡಿ. ಕೈಯಲ್ಲಿ ಬೆಳೆದದ್ದು ಹೊರಗೆ ಹೆಚ್ಚಾಗಿ ಸಾಯುತ್ತದೆ. ಬದುಕಿದರೆ ಅಲ್ಲಿನ ಜೀವಿಗಳ ಪಾಲು ಕಿತ್ತುಕೊಳ್ಳುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ ಜನ ಹೀಗೆ ಬಿಟ್ಟ ಇಗ್ವಾನಾಗಳೇ ಹೆಚ್ಚಿಕೊಂಡು ದೊಡ್ಡ ಪೀಡೆ ಆಗಿವೆ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ, ಕಿವಿ ಹತ್ತಿರ ಕೆಂಪು ಪಟ್ಟೆ ಇರುವ ಪುಟ್ಟ ಆಮೆಯೂ ಅಷ್ಟೇ. ತರುವಾಗ ನಾಣ್ಯದಷ್ಟಿರುತ್ತದೆ, ಊಟದ ತಟ್ಟೆಯಷ್ಟು ಬೆಳೆಯುತ್ತದೆ, ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ. ಸಾಕಾದವರು ತಂದು ಕೆರೆಗೆ ಹಾಕುತ್ತಾರೆ. ಕುಂದುವಾಡ ಕೆರೆ ಊರಿಗೇ ಕುಡಿಯುವ ನೀರು ಕೊಡುವ ಕೆರೆ.

ಪಚ್ಚೆಗೆ ಕ್ಯಾಲ್ಸಿಯಂ ಔಷಧಿ, ಮುಂಗಾಲಿಗೆ ಪಟ್ಟಿ, ಜಾಲರಿ ಪಂಜರ, ಮೂರು ಸಾವಿರ ಚಿಲ್ಲರೆಯ ದೀಪ, ಎಲ್ಲ ಆಯಿತು. ಬೆಂಗಳೂರಿನ ಓಡಾಟವೂ ಸೇರಿ ಇಪ್ಪತ್ತು ಸಾವಿರ ದಾಟಿತು. ದಿನಾ ಬೆಳಿಗ್ಗೆ ಅವ್ವ ದಾಸವಾಳದ ಹೂ ಸಣ್ಣಗೆ ಹೆಚ್ಚಿ ಕೊಡುತ್ತಿದ್ದರು. ಕೆಂಪು ಹೂ ಕಂಡರೆ ಪಚ್ಚೆ ಕತ್ತು ಎತ್ತುತ್ತಿತ್ತು. ಆದರೆ ಅಗಿಯಲು ದವಡೆಗೆ ಬಲ ಇರಲಿಲ್ಲ. ಹನ್ನೆರಡನೇ ದಿನ, ಬೆಳಗಿನ ಬಿಸಿಲಿನಲ್ಲಿ, ಪಂಜರದ ಒಳಗೇ ಸತ್ತಿತು. ಚೆನ್ನಾಗಿ ನೋಡಿಕೊಂಡಿದ್ದರೆ ಹದಿನೈದು ಇಪ್ಪತ್ತು ವರ್ಷ ಬದುಕಿ, ಬಾಲವೂ ಸೇರಿ ಐದು ಅಡಿ ಆಗುವ ಪ್ರಾಣಿ. ಅದಕ್ಕೆ ನಮ್ಮ ಮನೆಯ ಒಂದು ಕೋಣೆಯೇ ಬೇಕಾಗುತ್ತಿತ್ತು.

ತಂಗಿಯ ಮಗನಿಗೆ ತೊಟ್ಟಿ ಕೊಡುವುದಿಲ್ಲ ಎಂದು ಹೇಳಿದ್ದೇನೆ. ಅವನು ಇನ್ನೂ ಮುನಿಸಿಕೊಂಡಿದ್ದಾನೆ. ಮುಂದಿನ ವಾರ ಅವನನ್ನು ದಾವಣಗೆರೆಗೆ ಕರೆದಿದ್ದೇನೆ. ಆ ಎಕ್ಸ್‌ರೇ ತೋರಿಸುತ್ತೇನೆ.

ಈಗಾಗಲೇ ಮನೆಯಲ್ಲಿ ಇಗ್ವಾನಾ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಇವತ್ತೇ ಅದರ ಹಿಂದಿನ ತೊಡೆ ನೋಡಿ. ಅಸಾಧ್ಯ ದಪ್ಪ ಆಗಿ, ಗಟ್ಟಿಯಾಗಿದ್ದರೆ ಅದು ಕೊಬ್ಬಲ್ಲ. ಬೆರಳು ಅದುರುತ್ತಿದೆಯಾ, ಬಾಯಿ ಸರಿಯಾಗಿ ಮುಚ್ಚುತ್ತಿದೆಯಾ ನೋಡಿ. ಒಂದು ಲಕ್ಷಣ ಕಂಡರೂ ಮಾರಿದವನಿಗೆ ವಿಡಿಯೋ ಕಳಿಸುತ್ತಾ ಕೂರಬೇಡಿ, ಅವತ್ತೇ ಡಾಕ್ಟರ್ ಹತ್ತಿರ ಹೊರಡಿ. ಮೂಳೆ ಮುರಿಯುವ ಮೊದಲು ಹೋದರೆ ಎಷ್ಟೋ ಉಳಿಯುತ್ತವೆ ಎಂದು ಆ ಡಾಕ್ಟರಮ್ಮನೇ ನನಗೆ ಹೇಳಿದ್ದು. ನಾವು ಎರಡು ತಿಂಗಳು ತಡವಾಗಿ ಹೋಗಿದ್ದೆವು.