ಹೊಳೆಯೊಳಗಿನ ದೋಣಿ ಯಾರ್ಡು: ಶರಾವತಿ ದಂಡೆಯಲ್ಲಿ ಏಳು ವಾರದ ರಿಪೇರಿ

ಕಡಲಿಗೆ ಹೋಗುವ ದೋಣಿಯನ್ನು ರಿಪೇರಿಗಾಗಿ ಕಡಲಿನಿಂದ ದೂರ, ಹೊಳೆಯಲ್ಲಿ ಮೇಲಕ್ಕೆ ಒಯ್ಯಬೇಕೆಂದು ಭಾವ ಹೇಳಿದಾಗ ಅದು ನನಗೆ ಸುತ್ತುಬಳಸಿನ ಕೆಲಸವಾಗಿ ಕಂಡಿತ್ತು. ಹೊನ್ನಾವರ ಬಂದರಿನ ಆಸುಪಾಸಿನಲ್ಲೇ ಮರಗೆಲಸದವರಿದ್ದಾರೆ, ಎಂಜಿನ್ ಮೆಕ್ಯಾನಿಕ್‌ಗಳಿದ್ದಾರೆ. ಆದರೂ ನಾವಿಬ್ಬರೂ ಪಾಲಿನಲ್ಲಿ ಇಟ್ಟುಕೊಂಡಿರುವ 28 ಅಡಿಯ ಮರದ ದೋಣಿ ಕಳೆದ ಮಳೆಗಾಲದ ಏಳು ವಾರಗಳನ್ನು ಶರಾವತಿ ದಂಡೆಯ ಒಂದು ಯಾರ್ಡಿನಲ್ಲಿ ಕಳೆಯಿತು. ಒಂದೇ ಮನೆತನದವರು ಮೂರು ತಲೆಮಾರಿನಿಂದ ನಡೆಸುತ್ತಿರುವ ಯಾರ್ಡು ಅದು. ಅಲ್ಲಿ ಬೋರ್ಡಿಲ್ಲ, ಮನೆಯವರಿಗೆ ಪ್ರಚಾರವೂ ಬೇಡ. ಹಾಗಾಗಿ ಹೆಸರು ಬರೆಯುವುದಿಲ್ಲ. ಮರದ ದೋಣಿ ಇಟ್ಟುಕೊಂಡವರಿಗೆ ಗುರುತು ತಾನಾಗಿ ಹತ್ತುತ್ತದೆ.

ಈ ಹೊಳೆಯ ದಂಡೆಯಲ್ಲಿ ದೋಣಿ ಕೆಲಸ ನೆಲೆಯೂರಿದ್ದರ ಹಿಂದೆ ಹಳೆಯ ಕಾರಣವಿದೆ. ಹೊನ್ನಾವರದಿಂದ ಸುಮಾರು 30 ಕಿಲೋಮೀಟರ್ ಒಳಗಿರುವ ಗೇರುಸೊಪ್ಪೆಯವರೆಗೆ ಶರಾವತಿಯಲ್ಲಿ ದೋಣಿ ಹೋಗುತ್ತಿತ್ತು, ಅದರಾಚೆ ಘಟ್ಟ. ಮಲೆನಾಡಿನ ಮೆಣಸು ಎತ್ತಿನ ಹೇರಿನಲ್ಲಿ ಘಟ್ಟ ಇಳಿದು ಗೇರುಸೊಪ್ಪೆಯಲ್ಲಿ ದೋಣಿ ಹತ್ತುತ್ತಿತ್ತು, ಹೊನ್ನಾವರದಲ್ಲಿ ಹಡಗು ಸೇರುತ್ತಿತ್ತು. ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದ ಚೆನ್ನಭೈರಾದೇವಿಯ ಗೇರುಸೊಪ್ಪೆಯನ್ನು ನಾವು ಇಂದು ಕಾಡಿನೊಳಗಿನ ಬಸದಿಗಳ ಊರೆಂದು ನೋಡಿ ಬರುತ್ತೇವೆ. ಅದು ಬಂದರೂ ಆಗಿತ್ತೆಂಬುದು ನಮ್ಮ ನೆನಪಿನಿಂದ ಜಾರಿಹೋಗಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕರಾವಳಿಯಿಂದ ಜೋಗ ನೋಡಲು ಹೊರಟವರು ಸಹ ಹೊನ್ನಾವರದಲ್ಲಿ ದೋಣಿ ಹತ್ತಿ ಗೇರುಸೊಪ್ಪೆಯಲ್ಲಿ ಇಳಿದು, ಅಲ್ಲಿಂದ ಘಟ್ಟ ಹತ್ತುತ್ತಿದ್ದರು. ಸಾಗಣೆಗೆ ದೋಣಿ ಬೇಕು, ದೋಣಿಗೆ ಘಟ್ಟದ ಮರ ಬೇಕು; ಎರಡೂ ಕೂಡುವ ಜಾಗ ಹೊಳೆಯ ದಂಡೆಯೇ.

ಈಗಿನ ಯಜಮಾನರ ಅಜ್ಜ ಕಟ್ಟುತ್ತಿದ್ದುದು ಸರಕಿನ ಮಚವೆಗಳನ್ನು ಮತ್ತು ರಾಂಪಣಿ, ಅಂದರೆ ದಡಕ್ಕೆ ಎಳೆಯುವ ದೊಡ್ಡ ಬಲೆ, ಬಿಡುವ ದೋಣಿಗಳನ್ನು. ರಾಂಪಣಿ ದೋಣಿಗೆ ಮೊಳೆ ಹೊಡೆಯುತ್ತಿರಲಿಲ್ಲ. ಹಲಗೆಯ ಅಂಚಿನುದ್ದಕ್ಕೂ ತೂತು ಕೊರೆದು, ನಡುವೆ ತೆಂಗಿನ ನಾರು ಒತ್ತಿ, ಕತ್ತದ ಹಗ್ಗದಿಂದ ಹೊಲಿಯುತ್ತಿದ್ದರು. ಅಲೆ ಬಡಿದಾಗ ಬಳುಕುವ, ಮರಳಿನ ಮೇಲೆ ಎಳೆದರೂ ಬಿರಿಯದ ದೋಣಿ ಅದು. 1970ರ ದಶಕದ ಕೊನೆಗೆ ಮೀನಿನ ಹಿಂಡನ್ನು ಕಡಲಲ್ಲೇ ಸುತ್ತುವರಿದು ಹಿಡಿಯುವ ಪರ್ಸೀನ್ ಬಲೆಯ ಯಾಂತ್ರಿಕ ಬೋಟುಗಳು ಬಂದು ರಾಂಪಣಿಯ ಕಾಲ ಮುಗಿಯಿತು. ಆಗ ಯಜಮಾನರ ತಂದೆ ಎಂಜಿನ್ ಕೂರಿಸುವ, ಎಂಜಿನ್ನಿನಿಂದ ನೀರಿನೊಳಗಿನ ಪಂಖಕ್ಕೆ ಹೋಗುವ ಶಾಫ್ಟ್ ಜೋಡಿಸುವ ಕೆಲಸ ಕಲಿತರು. ಅಜ್ಜನ ಹೊಲಿಗೆಯ ಸೂಜಿಯೊಂದು ಇಂದಿಗೂ ಷೆಡ್ಡಿನ ಮಾಡಿಗೆ ಸಿಕ್ಕಿಸಿದ್ದಾಗಿದೆ. ಅದನ್ನು ಬಳಸಬಲ್ಲವರು ಮನೆಯಲ್ಲಿ ಈಗ ಯಾರೂ ಇಲ್ಲ.

ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ರಿಪೇರಿಗೆ ಎಲ್ಲರೂ ಮುಗಿಬೀಳುವುದು ಆಗಲೇ. ನಾವು ಜೂನ್ ಮೊದಲ ವಾರ ದೋಣಿ ಒಯ್ದೆವು. ಯಜಮಾನರು ಕೈಯಲ್ಲೊಂದು ಸಣ್ಣ ಸುತ್ತಿಗೆ ಹಿಡಿದು ಒಳಗಿಳಿದರು, ನೀರಿನ ಮಟ್ಟದ ಕೆಳಗಿನ ಒಂದೊಂದು ಹಲಗೆಯನ್ನೂ ಒಳಗಿನಿಂದ ತಟ್ಟುತ್ತಾ ಮುಂದಿನ ತುದಿಯಿಂದ ಹಿಂದಕ್ಕೆ ಹೋದರು. ಗಟ್ಟಿ ಮರ ‘ಟಕ್’ ಎನ್ನುತ್ತಿತ್ತು. ಎಡಮಗ್ಗುಲಲ್ಲಿ, ಶಾಫ್ಟಿನ ಹತ್ತಿರ, ಸದ್ದು ಒಮ್ಮೆಲೇ ಹಲಸಿನ ಹಣ್ಣು ತಟ್ಟಿದಂತೆ ದಪ್ಪಗಾಯಿತು. ಮೇಲೆ ನೋಡಿದರೆ ಹಲಗೆ ನುಣ್ಣಗಿತ್ತು, ಬಣ್ಣವೂ ಹೋಗಿರಲಿಲ್ಲ. ಮರ ಕೊರೆಯುವ ಹುಳು ಮರಿಯಾಗಿದ್ದಾಗ ಸೂಜಿಮೊನೆಯಷ್ಟು ತೂತಿನಿಂದ ಒಳಹೊಕ್ಕು, ಹೊರಗೆ ಸುಳಿವು ಕೊಡದೆ ಹಲಗೆಯೊಳಗೇ ಬೆಳೆದು ಸುರಂಗ ಮಾಡುತ್ತದೆ.

ಹೊಳೆಯಲ್ಲಿ ಮೇಲಕ್ಕೆ ಬಂದದ್ದಕ್ಕೆ ಉತ್ತರ ನನಗೆ ಸಿಕ್ಕಿದ್ದು ಅಲ್ಲಿ. “ಮಾಸ್ತರ್ರೇ, ಈ ಹುಳಕ್ಕೆ ಸಿಹಿನೀರು ಆಗೂದಿಲ್ಲ” ಎಂದರು ಯಜಮಾನರು. ಹುಳು ಉಪ್ಪುನೀರಿನ ಜೀವಿ. ಆದರೆ ಸಿಹಿನೀರು ತಾಗಿದ ಕೂಡಲೇ ಸಾಯುವುದೂ ಇಲ್ಲ. ತನ್ನ ತೂತಿನ ಬಾಯಿ ಮುಚ್ಚಿಕೊಂಡು ಬಹಳ ದಿನ ಒಳಗೇ ತಡೆದುಕೊಂಡಿರುತ್ತದೆ. ಎರಡು ದಿನ ಹೊಳೆಯಲ್ಲಿ ನಿಲ್ಲಿಸಿ ಮರಳಿದರೆ ಏನೂ ಪ್ರಯೋಜನವಿಲ್ಲ. ಆದ್ದರಿಂದ ನಮ್ಮ ದೋಣಿಯನ್ನು ಮೂರು ವಾರ ಸುಮ್ಮನೆ ಹೊಳೆಯಲ್ಲೇ ಕಟ್ಟಿದ್ದರು. ಆ ಮೂರು ವಾರ ‘ಕೆಲಸ ಶುರುವೇ ಮಾಡಿಲ್ಲ’ ಎಂದು ನಾನು ಗೊಣಗಿದ್ದುಂಟು. ಅದು ನನ್ನ ತಿಳಿಗೇಡಿತನ.

ಶರಾವತಿಗೆ ಈ ಗುಣ ಇನ್ನಷ್ಟು ಹೆಚ್ಚಿದ್ದು 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ. ವಿದ್ಯುತ್ ಉತ್ಪಾದಿಸಿ ಬಿಟ್ಟ ನೀರು ಬೇಸಿಗೆಯಲ್ಲೂ ಹರಿದುಬರುವುದರಿಂದ ಅಳಿವೆಯ ಉಪ್ಪು ಇಳಿಯಿತು. ಅದು ಯಾರ್ಡಿಗೆ ಲಾಭವಾಯಿತು. ಉಪ್ಪುನೀರು ಬೇಡುವ ಚಿಪ್ಪುಮೀನಾದ ಬಳಚು ಹೆಕ್ಕಿ ಬದುಕುತ್ತಿದ್ದವರಿಗೆ ಆಗಲಿಲ್ಲ. ಅಣೆಕಟ್ಟಿಲ್ಲದ ಪಕ್ಕದ ಅಘನಾಶಿನಿಯಲ್ಲಿ ಇಂದಿಗೂ ಇಳಿತದ ಹೊತ್ತಿಗೆ ಹೆಂಗಸರು ಬುಟ್ಟಿ ಹಿಡಿದು ಬಳಚು ಆರಿಸುವುದನ್ನು ಕಂಡವರಿಗೆ ಎರಡು ಹೊಳೆಗಳ ವ್ಯತ್ಯಾಸ ಅರ್ಥವಾಗುತ್ತದೆ.

ದೋಣಿಯನ್ನು ದಡಕ್ಕೆ ಎಳೆದದ್ದು ಅಮಾವಾಸ್ಯೆಯ ಭರತಿಯಲ್ಲಿ, ಅಂದರೆ ಕಡಲಿನ ಉಬ್ಬರದಲ್ಲಿ. ಇಲ್ಲಿ ಕ್ರೇನ್ ಇಲ್ಲ. ನೀರು ಅತಿ ಹೆಚ್ಚು ಏರುವ ಹೊತ್ತಿಗೆ ದೋಣಿಯನ್ನು ಇಳಿಜಾರಿನ ಬಾಯಿಗೆ ತಂದು, ಗ್ರೀಸ್ ಬಳಿದ ತೆಂಗಿನ ದಿಮ್ಮಿಗಳ ಮೇಲೆ ಚೈನ್ ಪುಲ್ಲಿಯಿಂದ ಎಳೆಯುತ್ತಾರೆ. ಭರತಿ ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತದೆ, ಅಷ್ಟಮಿಯ ಹೊತ್ತಿಗೆ ಏರಿಕೆಯೇ ಸಾಲುವುದಿಲ್ಲ. ಹೀಗಾಗಿ ಯಾರ್ಡಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದು ಅಮಾವಾಸ್ಯೆ, ಹುಣ್ಣಿಮೆಗಳಿಗೆ ಮಾತ್ರ. ತಾರೀಖು ಅವರಿಗೆ ಲೆಕ್ಕಕ್ಕಿಲ್ಲ.

ಕೆಟ್ಟ ಹಲಗೆ ಐದು ತೆಗೆದರು, ಹೆಬ್ಬಲಸು ಮರದ ಹಲಗೆ ಹಾಕಿದರು. ಮರದ ಕೆಲಸದಲ್ಲಿ ನನಗೆ ಒಂದು ಕೊಂಕೂ ಕಾಣಲಿಲ್ಲ. ಸಂದಿಗೆ ಹತ್ತಿ ತುಂಬುವ ಕೆಲಸವನ್ನು ಯಜಮಾನರ ತಮ್ಮ ಒಬ್ಬರೇ ಮಾಡುತ್ತಾರೆ, ಬೇರೆಯವರಿಗೆ ಬಿಡುವುದಿಲ್ಲ. ಹೊಸೆದ ಹತ್ತಿಯ ಎಳೆಯನ್ನು ಮೊಂಡ ಉಳಿಯಿಂದ ಸಂದಿಗೆ ಇಟ್ಟು ಮರದ ಕೊಡತಿಯಿಂದ ಹೊಡೆಯುತ್ತಾರೆ. ಮೊದಲು ಮೆತ್ತಗೆ ಕೇಳುವ ಏಟು, ಹತ್ತಿ ತುಂಬುತ್ತಾ ಹೋದಂತೆ ಕಲ್ಲಿಗೆ ಹೊಡೆದಂತೆ ಕೇಳುತ್ತದೆ. ಅಲ್ಲಿಗೆ ಕೈ ನಿಲ್ಲಬೇಕು. ಇನ್ನೂ ಹೊಡೆದರೆ, ನೀರಿಗಿಳಿದ ಹಲಗೆ ಉಬ್ಬಿದಾಗ ಒಳಗಿನ ಬಾಗುಮರದಿಂದ ಮೊಳೆ ಕಿತ್ತುಬರುತ್ತದಂತೆ. ಅದರ ಮೇಲೆ ಪುಟ್ಟಿ, ಹೊರಮೈಗೆ ಎರಡು ಸಲ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ. ಗೇರೆಣ್ಣೆ ಹಚ್ಚಿದ ದಿನ ಷೆಡ್ಡಿನ ಹತ್ತಿರ ನಿಲ್ಲಬೇಡಿ. ಚರ್ಮಕ್ಕೆ ತಾಗಿದರೆ ಸುಡುತ್ತದೆ, ನನ್ನ ಮೊಣಕೈಯಲ್ಲಿ ಗುರುತು ಇನ್ನೂ ಇದೆ.

ಇನ್ನು ದೂರುಗಳು. ಮೊದಲನೆಯದು ಸಮಯದ್ದು. ಹುಣ್ಣಿಮೆಯ ಭರತಿಗೆ ಇಳಿಸುತ್ತೇವೆಂದು ಮಾತು ಕೊಟ್ಟಿದ್ದರು. ಮರ ಬರುವುದು ನಾಲ್ಕು ದಿನ ತಡವಾಯಿತು. ಬೇರೆ ಯಾವುದೇ ಕಾರ್ಖಾನೆಯಲ್ಲಾದರೆ ನಾಲ್ಕು ದಿನದ ತಡ ನಾಲ್ಕೇ ದಿನದ್ದು. ಇಲ್ಲಿ ಹುಣ್ಣಿಮೆ ತಪ್ಪಿದರೆ ಮುಂದಿನ ಅಮಾವಾಸ್ಯೆಯೇ ಗತಿ. ಹದಿನೈದು ದಿನ ಹೋಯಿತು, ನಿಷೇಧ ಮುಗಿಯುವ ಮೊದಲು ಬಲೆ ಸಿದ್ಧಪಡಿಸಿಕೊಳ್ಳಲು ಭಾವನಿಗೆ ಉಸಿರಾಡುವಷ್ಟೂ ಬಿಡುವು ಉಳಿಯಲಿಲ್ಲ. ಇದನ್ನು ಬಲ್ಲವರು ಮರವನ್ನು ಮೊದಲೇ ತರಿಸಿಟ್ಟುಕೊಳ್ಳಬೇಕಿತ್ತು.

ಎರಡನೆಯದು ಲೆಕ್ಕದ್ದು. ಬಾಯಿಮಾತಿನಲ್ಲಿ ಹೇಳಿದ್ದು 85 ಸಾವಿರ, ಕೊನೆಗೆ ಕೊಟ್ಟದ್ದು 1 ಲಕ್ಷ 12 ಸಾವಿರ. ಹೆಚ್ಚಾದದ್ದಕ್ಕೆ ಕಾರಣವಿತ್ತು, ಎರಡು ಹಲಗೆಗಳ ಕೊಳೆತ ಬಿಚ್ಚಿದ ಮೇಲಷ್ಟೇ ತಿಳಿಯಿತು. ಆದರೆ ಬರವಣಿಗೆಯಲ್ಲಿ ಏನೂ ಇರಲಿಲ್ಲ, ಮುಂಗಡಕ್ಕೂ ಚೀಟಿ ಕೊಟ್ಟಿರಲಿಲ್ಲ. ನಂಬಿಕೆಯ ಮನೆತನವೆಂಬುದು ರಸೀದಿಗೆ ಬದಲಿಯಲ್ಲ.

ಮೂರನೆಯದು ನಿಜವಾದ ತಪ್ಪು. ನೀರಿಗಿಳಿದ ದೋಣಿ ಹಲಗೆ ಉಬ್ಬುವವರೆಗೆ ಒಂದೆರಡು ದಿನ ಸೋರುವುದು ಸಹಜ, ಅದನ್ನು ನಾನು ದೂರುವುದಿಲ್ಲ. ಆದರೆ ಎಂಜಿನ್ನನ್ನೂ ಶಾಫ್ಟನ್ನೂ ಒಂದೇ ನೇರಕ್ಕೆ ತರುವುದನ್ನು ದಡದ ಮೇಲೆಯೇ ಮುಗಿಸಿಬಿಟ್ಟಿದ್ದರು. ದಿಮ್ಮಿಯ ಮೇಲೆ ಕೂತ ಮರದ ದೋಣಿಗೂ ತೇಲುವ ದೋಣಿಗೂ ಮೈಯ ಬಾಗು ಒಂದೇ ಅಲ್ಲ. ಆದ್ದರಿಂದ ತೇಲಿದ ಮೇಲೆ ಮತ್ತೊಮ್ಮೆ ನೋಡಲೇಬೇಕು. ಭರತಿ ಇಳಿಯುವ ಅವಸರದಲ್ಲಿ ಅದನ್ನು ಬಿಟ್ಟರು. ಹೊನ್ನಾವರಕ್ಕೆ ಬರುವ ದಾರಿಯಲ್ಲಿ ಎಂಜಿನ್ ವೇಗ ಹೆಚ್ಚಿಸಿದ ಕೂಡಲೇ ಕಾಲಡಿಯ ಹಲಗೆ ಜುಂ ಎನ್ನತೊಡಗಿತು, ಡಬ್ಬಿಯಲ್ಲಿದ್ದ ಚಹಾದ ಲೋಟಗಳು ಒಂದಕ್ಕೊಂದು ಬಡಿದುಕೊಂಡವು. ಫೋನ್ ಮಾಡಿದ ಮರುದಿನವೇ ಯಜಮಾನರ ಮಗ ಬಸ್ಸಿನಲ್ಲಿ ಬಂದ, ಎಂಜಿನ್ನೂ ಶಾಫ್ಟೂ ಕೂಡುವ ಕಪ್ಲಿಂಗಿನ ಬೋಲ್ಟ್ ಸಡಿಲಿಸಿ ಸುತ್ತಲೂ ಸಂದಿ ಅಳೆಯುವ ತೆಳು ತಗಡಿನ ಗೇಜು ತೂರಿಸಿ ನೋಡಿದ, ಎಂಜಿನ್ನಿನ ಹಿಂಬದಿಯ ಕಾಲಿನ ಕೆಳಗೆ ಒಂದು ಪಟ್ಟಿ ಸೇರಿಸಿದ. ಅರ್ಧ ದಿನದ ಕೆಲಸ; ಹಣ ತೆಗೆದುಕೊಳ್ಳಲಿಲ್ಲ, ಊಟ ಮಾತ್ರ ಮಾಡಿ ಹೋದ.

ಫೈಬರ್ ದೋಣಿಯವರು ಅಷ್ಟು ದೂರ ಹೋಗಬೇಕಾದ ಅಗತ್ಯವಿಲ್ಲ. ಮರದ ದೋಣಿಯವರು, ಅದರಲ್ಲೂ ನೀರಿನ ಕೆಳಗಿನ ಹಲಗೆಯ ಬಗ್ಗೆ ಅನುಮಾನವಿರುವವರು, ಖಂಡಿತ ಹೋಗಬಹುದು. ಆದರೆ ಏಳು ವಾರ ಲೆಕ್ಕ ಹಾಕಿಕೊಂಡು, ತೇಲಿದ ಮೇಲೆ ಶಾಫ್ಟನ್ನು ಇನ್ನೊಮ್ಮೆ ನೋಡಿಸದೆ ದಂಡೆ ಬಿಡುವುದಿಲ್ಲವೆಂದು ಮೊದಲೇ ಹೇಳಿ ಹೋಗಿ. ಬರುವ ವರ್ಷ ಬಲಮಗ್ಗುಲಿನ ಹಲಗೆಗಳ ಸರದಿ ಇದೆ. ಭಾವ ಈಗಲೇ ಹೋಗಿ ಮುಂಗಡ ಕೊಟ್ಟು ಬಂದಿದ್ದಾನೆ, ಈ ಸಲ ಚೀಟಿ ಬರೆಸಿಕೊಂಡು. ಅದರಲ್ಲಿ ತಾರೀಖಿನ ಜಾಗದಲ್ಲಿ ಬರೆದದ್ದು ‘ಜ್ಯೇಷ್ಠ ಅಮಾವಾಸ್ಯೆ’ ಎಂದಷ್ಟೇ.