ಕಲಬುರಗಿ ಬಿಸಿಲಿನಲ್ಲಿ ಸರ್ವರ್ ರ್ಯಾಕ್: ಹಿಂಬಾಗಿಲ ಕಾಯಿಲ್, ಕೋಲ್ಡ್ ಪ್ಲೇಟ್, ಎಣ್ಣೆ ತೊಟ್ಟಿ

ನಮ್ಮೂರಿನ ಮನೆ ಕೂಲರ್ ಏಪ್ರಿಲ್‌ನಲ್ಲಿ ಕೋಣೆಯನ್ನು ತಣ್ಣಗೆ ಇಡುತ್ತದೆ, ಜುಲೈ ಬಂತೆಂದರೆ ಜಿಗುಟು ಗಾಳಿ ಊದುತ್ತದೆ. ಸರ್ವರ್ ರೂಮಿಗೆ ಯಾವ ಲಿಕ್ವಿಡ್ ಕೂಲಿಂಗ್ (ದ್ರವದಿಂದ ತಣಿಸುವ ವ್ಯವಸ್ಥೆ) ಹಾಕಬೇಕು ಎಂಬ ಲೆಕ್ಕ ಶುರುವಾಗುವುದೂ ಇಲ್ಲಿಂದಲೇ. 10 ಕಿಲೋವ್ಯಾಟ್‌ನ ಒಂದು ರ್ಯಾಕ್ (ಸರ್ವರ್‌ಗಳನ್ನು ಜೋಡಿಸಿಡುವ ಕಪಾಟು) ಇಟ್ಟುಕೊಂಡು ಸ್ಪ್ಲಿಟ್ ಎಸಿಯ ಪಕ್ಕದಲ್ಲಿ ಮೂರು ವಿಧಾನಗಳನ್ನು ಹೋಲಿಸಿದ್ದೇವೆ. ನಮ್ಮ ಆಯ್ಕೆ ಕೋಲ್ಡ್ ಪ್ಲೇಟ್, ಅದೂ ಬೆಚ್ಚಗಿನ ನೀರಿನಲ್ಲಿ.

ಮೊದಲು ಎಸಿಯ ಲೆಕ್ಕ. 10 ಕಿಲೋವ್ಯಾಟ್ ಶಾಖವನ್ನು 10 ಡಿಗ್ರಿ ಏರಿಕೆಯಲ್ಲಿ ಹೊತ್ತೊಯ್ಯಲು ಗಂಟೆಗೆ ಸುಮಾರು 3,000 ಘನ ಮೀಟರ್ ಗಾಳಿ ಬೇಕು. ನೀರಾದರೆ 860 ಲೀಟರ್ ಸಾಕು. ಮೇ ತಿಂಗಳ 43 ಡಿಗ್ರಿಯಲ್ಲಿ ತಾರಸಿಯ ಔಟ್‌ಡೋರ್ ಯೂನಿಟ್ ಧೂಳು ಕಟ್ಟಿಕೊಂಡು ಏದುಸಿರು ಬಿಡುವಾಗ ಈ ಶಾಖ ಹೊರಹಾಕಲು ಸುಮಾರು 4 ಕಿಲೋವ್ಯಾಟ್ ಕರೆಂಟ್ ತಿನ್ನುತ್ತದೆ.

ಹಿಂಬಾಗಿಲ ಕಾಯಿಲ್, ಅಂದರೆ ರ್ಯಾಕಿನಿಂದ ಹೊರಬರುವ ಬಿಸಿ ಗಾಳಿಯನ್ನು ತಣಿಸುವ ನೀರಿನ ಸುರುಳಿ, ಎಲ್ಲಕ್ಕಿಂತ ಸುಲಭ. ಸರ್ವರ್ ಬಿಚ್ಚಬೇಕಿಲ್ಲ, ರ್ಯಾಕಿನ ಹಿಂದಿನ ಬಾಗಿಲು ಬದಲಿಸಿ ಎರಡು ಪೈಪ್ ಜೋಡಿಸಿದರೆ ಆಯಿತು. ಆದರೆ ಇದಕ್ಕೆ 18-20 ಡಿಗ್ರಿಯ ತಣ್ಣೀರು ಬೇಕು, ಅಂದರೆ ಕಂಪ್ರೆಸರ್‌ನಿಂದ ನೀರು ತಣಿಸುವ ಚಿಲ್ಲರ್ ತಪ್ಪುವುದಿಲ್ಲ. ಕಂಪ್ರೆಸರ್ ಉಳಿದ ಮೇಲೆ ಉಳಿತಾಯ ಅರ್ಧಕ್ಕೇ ನಿಲ್ಲುತ್ತದೆ. ಮಳೆಗಾಲದಲ್ಲಿ ಇನ್ನೊಂದು ತೊಂದರೆ: ಹೊರಗಿನ ಗಾಳಿ ನುಗ್ಗುವ ರೂಮಿನಲ್ಲಿ ಕಾಯಿಲ್ ಬೆವರಿ ನೀರು ತೊಟ್ಟಿಕ್ಕುತ್ತದೆ. ಬರುವ ನೀರು ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗಿ ಕೂರುವ ಉಷ್ಣತೆ) 2-3 ಡಿಗ್ರಿ ಮೇಲಿರುವಂತೆ ಕಂಟ್ರೋಲರ್ ಹೊಂದಿಸದೆ ಇದನ್ನು ಹಾಕಲೇಬೇಡಿ.

ಕೋಲ್ಡ್ ಪ್ಲೇಟ್ ಎಂದರೆ ಪ್ರೊಸೆಸರ್ ಮೇಲೆ ಕೂರುವ ತಾಮ್ರದ ತಟ್ಟೆ, ಒಳಗೆ ಕೂದಲೆಳೆಯಂಥ ಸೀಳುಗಳು. 40 ಡಿಗ್ರಿಯ ನೀರು ಹರಿದರೂ ಚಿಪ್ ಆರಾಮಾಗಿರುತ್ತದೆ. ಹಾಗಾಗಿ ಚಿಲ್ಲರ್ ಬೇಡ, ತಾರಸಿಯಲ್ಲಿ ರೇಡಿಯೇಟರ್ ಮತ್ತು ಫ್ಯಾನ್ ಇರುವ ಡ್ರೈ ಕೂಲರ್ ಸಾಕು. ಪ್ಲೇಟ್ ತಡೆಯುವ ಮಿತಿ 45 ಡಿಗ್ರಿ ಎಂದುಕೊಳ್ಳಿ. ಡ್ರೈ ಕೂಲರಿನಿಂದ ಬರುವ ನೀರು ಹೊರಗಿನ ಗಾಳಿಗಿಂತ 6 ಡಿಗ್ರಿ ಹೆಚ್ಚಿರುತ್ತದೆ. ಜುಲೈನ 32 ಡಿಗ್ರಿಯಲ್ಲಿ 38, ಸರಿ. ಮೇ ತಿಂಗಳ 43ರಲ್ಲಿ 49, ಕೆಟ್ಟಿತು. ಆಗಲೇ ಕೂಲರ್ ಪ್ಯಾಡ್ ನೆರವಿಗೆ ಬರುತ್ತದೆ. ನಮ್ಮ ಬೇಸಿಗೆಯ ಒಣ ಗಾಳಿ ಒದ್ದೆ ಪ್ಯಾಡ್ ದಾಟುವಷ್ಟರಲ್ಲಿ 28ರ ಸುಮಾರಿಗೆ ಇಳಿಯುತ್ತದೆ, ನೀರು 34ಕ್ಕೆ ಬರುತ್ತದೆ. ಗಾಳಿ 38 ದಾಟಿದಾಗ ಮಾತ್ರ ಪ್ಯಾಡ್ ಪಂಪ್ ಓಡುವಂತೆ ಥರ್ಮೋಸ್ಟಾಟ್ ಕಟ್ಟಿ. ಓಡಿದಾಗ ಗಂಟೆಗೆ ಸುಮಾರು 20 ಲೀಟರ್ ಆವಿಯಾಗುತ್ತದೆ. ಟ್ಯಾಂಕರ್ ನೀರು ಕೊಳ್ಳುವ ಓಣಿಯಲ್ಲಿ ಇದು ಸಣ್ಣ ಮಾತಲ್ಲ. ಸವಳು ಬೋರ್ ನೀರಾದರೆ ಪ್ಯಾಡ್ ಮೇಲೆ ಬಿಳಿ ಉಪ್ಪು ಕೂರುತ್ತದೆ, ತೊಟ್ಟಿಯ ನೀರನ್ನು ಆಗಾಗ ಚೆಲ್ಲಿ ಬದಲಿಸಲೇಬೇಕು.

ಪ್ಯಾಡಿಗೆ ಯಾವ ನೀರಾದರೂ ನಡೆದೀತು. ಪ್ಲೇಟಿನೊಳಗೆ ಹರಿಯುವ ನೀರಿಗೆ ಮಾತ್ರ ರಾಜಿ ಇಲ್ಲ. 20 ಲೀಟರ್ ಕ್ಯಾನಿನ ಆರ್‌ಓ ನೀರು ಕುಡಿಯಲು ಸರಿ, ಇಲ್ಲಿಗಲ್ಲ, ಅದರಲ್ಲೂ ಲವಣ ಉಳಿದಿರುತ್ತದೆ. ಬರೀ ಡಿಸ್ಟಿಲ್ಡ್ ವಾಟರ್ ಹಾಕಿದರೆ ಪಾಚಿಯಂಥ ಕಂದು ಲೋಳೆ ಬೆಳೆದು ಸೀಳುಗಳನ್ನು ಮುಚ್ಚುತ್ತದೆ. ತುಕ್ಕು ತಡೆಯುವ ರಾಸಾಯನಿಕ ಸೇರಿದ, 25% ಪ್ರೊಪಿಲೀನ್ ಗ್ಲೈಕಾಲ್‌ನ ರೆಡಿ ಮಿಶ್ರಣವನ್ನೇ ತನ್ನಿ. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಭಯವಿಲ್ಲ, ಆದರೆ ಆ ಪ್ರಮಾಣದಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಹರಿವು ಪ್ರತಿ ಕಿಲೋವ್ಯಾಟ್‌ಗೆ ನಿಮಿಷಕ್ಕೆ 1.5 ಲೀಟರ್ ಇರಲಿ. ತಾಮ್ರದ ಪ್ಲೇಟ್ ಇರುವ ಲೈನಿನಲ್ಲಿ ಅಲ್ಯೂಮಿನಿಯಂ ರೇಡಿಯೇಟರ್ ಬೆರೆಸಬೇಡಿ, ಅಲ್ಯೂಮಿನಿಯಂ ಕೊರೆದುಹೋಗುತ್ತದೆ. ಪ್ಲೇಟ್ ಜೋಡಿಸುವ ಮೊದಲು ಪೈಪ್‌ಗಳನ್ನು ಬೈಪಾಸ್‌ನಲ್ಲಿ (ಪ್ಲೇಟ್ ಬಿಟ್ಟು ಸುತ್ತುವ ದಾರಿ) ತೊಳೆಯಿರಿ. ಬೆಸುಗೆಯ ಫ್ಲಕ್ಸ್, ಟೆಫ್ಲಾನ್ ಟೇಪಿನ ಚೂರು ಎಲ್ಲವೂ 50 ಮೈಕ್ರಾನ್ ಫಿಲ್ಟರ್‌ನಲ್ಲಿ ಸಿಗಬೇಕು. ಆಮೇಲೆ ಒಣ ಗಾಳಿಯಲ್ಲಿ ಒತ್ತಡ ಕೊಟ್ಟು ಒಂದು ರಾತ್ರಿ ಬಿಡಿ, ಗೇಜಿನ ಮುಳ್ಳು ಇಳಿಯದಿದ್ದರೆ ಮಾತ್ರ ದ್ರವ ತುಂಬಿ. ಎತ್ತರದ ತುದಿಯಲ್ಲಿ ಗಾಳಿ ಬಿಡುವ ವಾಲ್ವ್ ಇರಲೇಬೇಕು.

ಅದೇ ಲೋಡಿನಲ್ಲಿ ನೀರಿಗೂ ಪ್ರೊಸೆಸರಿಗೂ ನಡುವಿನ ಉಷ್ಣತೆಯ ಅಂತರ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಸೀಳು ಕಟ್ಟಿಕೊಳ್ಳುತ್ತಿದೆ ಎಂದರ್ಥ. ಫಿಲ್ಟರ್ ತೆಗೆದು ನೋಡಿ.

ಇದರ ಕೊರತೆಯೆಂದರೆ ಶಾಖದ ಮುಕ್ಕಾಲು ಪಾಲು ಮಾತ್ರ ನೀರಿಗೆ ಹೋಗುತ್ತದೆ. ಮೆಮೊರಿ, ಡಿಸ್ಕ್, ಪವರ್ ಸಪ್ಲೈ ಗಾಳಿಯಲ್ಲೇ ಉಳಿಯುತ್ತವೆ, ಅವಕ್ಕಾಗಿ ಒಂದು ಸಣ್ಣ ಎಸಿ ಇರಬೇಕು. ಅದು 1 ಕಿಲೋವ್ಯಾಟ್, ಪಂಪ್ ಮತ್ತು ಫ್ಯಾನ್ ಅರ್ಧ ಕಿಲೋವ್ಯಾಟ್: ಎಸಿಯ 4ರ ಜಾಗದಲ್ಲಿ ಒಟ್ಟು ಒಂದೂವರೆ.

ಎಣ್ಣೆ ತೊಟ್ಟಿ ಕರೆಂಟಿನ ಲೆಕ್ಕದಲ್ಲಿ ಇದನ್ನೂ ಮೀರಿಸುತ್ತದೆ. ಸರ್ವರನ್ನು ವಿದ್ಯುತ್ ಹರಿಯದ ಎಣ್ಣೆಯಲ್ಲಿ ಇಡಿಯಾಗಿ ಮುಳುಗಿಸುವುದರಿಂದ ಫ್ಯಾನ್‌ಗಳೇ ಬೇಡ, ಧೂಳಿನ ಕಾಟವಿಲ್ಲ. ಆದರೂ ರಿಪೇರಿಯ ದಿನ ನೋಡಬೇಕು: ಎತ್ತಿದ ಸರ್ವರಿನಿಂದ ಎಣ್ಣೆ ಅರ್ಧ ಗಂಟೆ ಸೋರುತ್ತದೆ, ಶಹಾಬಾದ್ ಕಲ್ಲಿನ ನೆಲ ಜಾರುತ್ತದೆ, ಪಿವಿಸಿ ಕೇಬಲ್ ಗಟ್ಟಿಯಾಗಿ, ಬಗ್ಗಿಸಿದರೆ ಸೀಳುತ್ತದೆ. ಚಿಪ್ಪಿನ ಶಾಖ ದಾಟಿಸುವ ಥರ್ಮಲ್ ಪೇಸ್ಟ್ ತೊಳೆದುಹೋಗುತ್ತದೆ, ಬದಲಿಗೆ ಇಂಡಿಯಂ ಎಂಬ ಮೆತ್ತನೆ ಲೋಹದ ಹಾಳೆ ಹಾಕಬೇಕು. ಗಾಳಿರಂಧ್ರವಿರುವ ಹಾರ್ಡ್ ಡಿಸ್ಕ್ ಮುಳುಗಿಸುವಂತಿಲ್ಲ, ಎಸ್‌ಎಸ್‌ಡಿ ಇಲ್ಲವೇ ಹೀಲಿಯಂ ತುಂಬಿ ಮುಚ್ಚಿದ ಡಿಸ್ಕ್ ಬೇಕು. ತೂಕ ಅರ್ಧ ಟನ್ ದಾಟುವುದರಿಂದ ಮಹಡಿ ಮೇಲೆ ಬೇಡ, ನೆಲಮಾಳಿಗೆ ಅಥವಾ ತಳಮಹಡಿಯೇ ಸರಿ.

ಕರೆಂಟ್ ಹೋದಾಗ ಮಾತ್ರ ತೊಟ್ಟಿಗೆ ಸರಿಸಾಟಿಯಿಲ್ಲ. 300 ಲೀಟರ್ ಎಣ್ಣೆ 10 ಕಿಲೋವ್ಯಾಟ್ ಲೋಡಿನಲ್ಲಿ 1 ಡಿಗ್ರಿ ಏರಲು ಸುಮಾರು 50 ಸೆಕೆಂಡ್ ಹಿಡಿಯುತ್ತದೆ, ಜನರೇಟರ್ ಎದ್ದು ಬರಲು ಧಾರಾಳ ಸಮಯ. ಕೋಲ್ಡ್ ಪ್ಲೇಟಿನಲ್ಲಿ ಹರಿವು ನಿಂತರೆ ಕೆಲವೇ ಸೆಕೆಂಡುಗಳಲ್ಲಿ ಪ್ರೊಸೆಸರ್ ವೇಗ ಬೀಳುತ್ತದೆ. ಪಂಪ್‌ಗಳು ಎರಡಿರಲಿ, ಎರಡೂ ಯುಪಿಎಸ್ ಮೇಲಿರಲಿ.

ಅಳೆಯುವಾಗ ಒಂದು ಎಚ್ಚರ. ಒಟ್ಟು ಕರೆಂಟನ್ನು ಸರ್ವರ್ ಕರೆಂಟಿನಿಂದ ಭಾಗಿಸುವ ಪಿಯುಇ ಸಂಖ್ಯೆ ಎಣ್ಣೆ ತೊಟ್ಟಿಗೆ ಅನ್ಯಾಯ ಮಾಡುತ್ತದೆ. ಸರ್ವರಿನೊಳಗಿನ ಫ್ಯಾನ್ ತೆಗೆದಾಗ ಕೆಳಗಿನ ಅಂಕಿಯೂ ಇಳಿಯುವುದರಿಂದ ಉಳಿತಾಯ ಪೂರ್ತಿ ಕಾಣುವುದಿಲ್ಲ. ಮೇನ್ ಮೀಟರಿನ ಯೂನಿಟ್‌ಗಳನ್ನೇ ಬರೆದಿಡಿ, ಮೇ ತಿಂಗಳಿನದು ಬೇರೆ, ಆಗಸ್ಟಿನದು ಬೇರೆ.